ಕಷ್ಟ ಮುಗಿದ ಮೇಲೆ ಶುರುವಾಗುವ ಕಥೆ

ಪ್ರಶ್ನೆ: ನಾನು ಕನ್ನಡ ಎಂ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಸಮಕಾಲೀನ ಕಾದಂಬರಿಯೊಂದನ್ನು ತೆಗೆದುಕೊಂಡು, ಅದರಲ್ಲಿ ಕಷ್ಟಗಳು ಪಾತ್ರಗಳನ್ನು ಹೇಗೆ ಬೆಳೆಸುತ್ತವೆ ಅಂತ ಪ್ರಬಂಧ ಬರೆಯಬೇಕು. ನಾನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಆರಿಸಿಕೊಂಡೆ. ಈಗ ಕೂತರೆ ಒಂದು ಸಾಲೂ ಹೊರಡುತ್ತಿಲ್ಲ. ಇದರಲ್ಲಿ ಬಡತನ ಬೇಗ ಮುಗಿದುಹೋಗುತ್ತದೆ. ಆಮೇಲೆ ಯಾರೂ ಬೆಳೆಯುವುದೇ ಇಲ್ಲ, ಇನ್ನಷ್ಟು ಕೆಟ್ಟವರಾಗುತ್ತಾರೆ. ನಾನು ತಪ್ಪು ಪುಸ್ತಕ ಆರಿಸಿಕೊಂಡೆನಾ? ಬೇರೆ ತೆಗೆದುಕೊಳ್ಳಲಾ?

ಉತ್ತರ: ಬೇಡ, ಬದಲಾಯಿಸಬೇಡಿ. ನಿಮಗೆ ಬರೆಯಲು ಆಗದೆ ಇರುವುದಕ್ಕೆ ಕಾರಣ ಪುಸ್ತಕ ಅಲ್ಲ, ಪ್ರಶ್ನೆ. ‘ಹೇಗೆ ಬೆಳೆಸುತ್ತವೆ’ ಅಂತ ಕೇಳಿದಾಗಲೇ, ಬೆಳೆಸುತ್ತವೆ ಅಂತ ಒಪ್ಪಿಕೊಂಡು ಹೊರಟ ಹಾಗಾಯಿತು. ನೀವು ಪುಸ್ತಕವನ್ನು ಸರಿಯಾಗಿ ಓದಿದ್ದೀರಿ. ಅದಕ್ಕೇ ತಡವರಿಸಿದಿರಿ.

ನಾನು ಎಷ್ಟೋ ವರ್ಷ ಉತ್ತರ ಪತ್ರಿಕೆ ತಿದ್ದಿದವನು. ಇಂಥ ಪ್ರಶ್ನೆ ಬಂತು ಅಂದರೆ ಮೊದಲ ಪ್ಯಾರಾದಲ್ಲೇ ‘ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿಯಾಗದು’ ಬಂದುಬಿಡುತ್ತದೆ. ಇಲ್ಲದಿದ್ದರೆ ‘ತಾಳಿದವನು ಬಾಳಿಯಾನು’. ಒಂದೇ ಕಟ್ಟಿನಲ್ಲಿ ಹದಿನೈದು ಸಲ ಆ ಉಳಿ ಏಟು ತಿಂದಿದ್ದೇನೆ. ಮಾತು ಸುಳ್ಳು ಅಂತಲ್ಲ. ಆದರೆ ಮನುಷ್ಯ ಕಲ್ಲಲ್ಲ. ಏಟು ಬಿದ್ದ ಕಲ್ಲಿಗೆ ನೆನಪಿರುವುದಿಲ್ಲ, ಏಟು ಬಿದ್ದವನಿಗೆ ಇರುತ್ತದೆ. ಒಳ್ಳೆಯ ಕಾದಂಬರಿಕಾರ ಹಿಡಿಯುವುದು ಆ ನೆನಪನ್ನು.

ಪುಸ್ತಕ ಓದದವರಿಗಾಗಿ ಎರಡು ಮಾತು. ‘ಘಾಚರ್ ಘೋಚರ್’ 2013ರಲ್ಲಿ ಬಂದ ಕಿರುಕಾದಂಬರಿ. ಶ್ರೀನಾಥ್ ಪೇರೂರು ಇದನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಹೊರದೇಶದ ಓದುಗರಿಗೂ ತಲುಪಿತು. ಬೆಂಗಳೂರಿನ ಒಂದು ಕುಟುಂಬ. ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ ಮಾಲತಿ ಮತ್ತು ಕಥೆ ಹೇಳುವ ಮಗ. ಈ ಮಗನ ಹೆಸರು ನಮಗೆ ಕೊನೆತನಕ ಗೊತ್ತಾಗುವುದಿಲ್ಲ. ಅಪ್ಪ ಸೇಲ್ಸ್‌ಮನ್. ಒಬ್ಬರ ಸಂಬಳದಲ್ಲಿ ಐದು ಜನ. ಅಪ್ಪನ ಕೆಲಸ ಹೋಗುತ್ತದೆ. ಕೈಗೆ ಬಂದ ಹಣ ಹಾಕಿ ಚಿಕ್ಕಪ್ಪ ‘ಸೋನಾ ಮಸಾಲಾ’ ಅಂತ ಮಸಾಲೆ ಪದಾರ್ಥಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ ಶುರುಮಾಡುತ್ತಾನೆ. ಅದು ಕೈ ಹಿಡಿಯುತ್ತದೆ. ದೊಡ್ಡ ಮನೆ ಬರುತ್ತದೆ. ಮಗನಿಗೆ ಹೈದರಾಬಾದಿನಿಂದ ಅನಿತಾ ಎಂಬ ಹೆಂಡತಿ ಬರುತ್ತಾಳೆ. ಕೊನೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳಿಬಿಟ್ಟರೆ ಓದದವರಿಗೆ ದ್ರೋಹ ಮಾಡಿದ ಹಾಗೆ.

ಈಗ ನಿಮ್ಮ ತೊಡಕಿಗೆ ಬರೋಣ.

‘ಬೆಳೆಯುವುದು’ ಅಂದರೆ ‘ಒಳ್ಳೆಯವರಾಗುವುದು’ ಅಂತ ನೀವು ಇಟ್ಟುಕೊಂಡಿದ್ದೀರಿ. ಅದು ಪಾಠಶಾಲೆಯ ಬೆಳವಣಿಗೆ. ಕಾದಂಬರಿಯಲ್ಲಿ ಪಾತ್ರ ಬೆಳೆಯಿತು ಅಂದರೆ ಅಷ್ಟೇ ಅರ್ಥ ಅಲ್ಲ. ಮೊದಲ ಪುಟದಲ್ಲಿ ಕಂಡ ಮನುಷ್ಯ ಕೊನೆಯ ಪುಟದಲ್ಲಿ ಯಾಕೆ ಹೀಗಿದ್ದಾನೆ ಅಂತ ನಮಗೆ ಅರ್ಥವಾಗಬೇಕು, ಅವನು ಹೀಗಾಗದೆ ಬೇರೆ ದಾರಿಯೇ ಇರಲಿಲ್ಲವೇನೋ ಅನ್ನಿಸಬೇಕು. ಅಷ್ಟಾದರೆ ಪಾತ್ರ ಬೆಳೆದ ಹಾಗೆ. ಆ ಲೆಕ್ಕದಲ್ಲಿ ಈ ಮನೆಯ ಒಬ್ಬೊಬ್ಬರೂ ಬೆಳೆದಿದ್ದಾರೆ. ಕಷ್ಟದ ದಿನಗಳಲ್ಲಿ ಅವರು ಒಂದಿಷ್ಟು ಅಭ್ಯಾಸ ಕಲಿತರು. ಕಷ್ಟ ಹೋಯಿತು, ಅಭ್ಯಾಸ ಹೋಗಲಿಲ್ಲ. ನನ್ನ ಪ್ರಕಾರ ಇಡೀ ಕಾದಂಬರಿ ನಿಂತಿರುವುದು ಈ ಒಂದು ಎಳೆಯ ಮೇಲೆ. ಬಡತನದಲ್ಲಿ ಇವರನ್ನು ಉಳಿಸಿದ ಗುಣ ಯಾವುದೋ, ಹಣ ಬಂದ ಮೇಲೆ ಇವರನ್ನು ಕೆಡಿಸಿದ ಗುಣವೂ ಅದೇ.

ಹಳೆಯ ಮನೆಯ ಪುಟಗಳನ್ನು ಇನ್ನೊಮ್ಮೆ ತೆಗೆಯಿರಿ. ಒಂದರ ಹಿಂದೆ ಒಂದು ರೈಲು ಡಬ್ಬಿಯ ಹಾಗೆ ಪುಟ್ಟ ಕೋಣೆಗಳು. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ. ಇಂಥ ಮನೆಯಲ್ಲಿ ಗುಟ್ಟು ಅಂತ ಇಟ್ಟುಕೊಳ್ಳಲು ಜಾಗವೇ ಇಲ್ಲ. ಅಪ್ಪನ ಲೆಕ್ಕ ತಾಳೆಯಾಗದ ದಿನ ಏನಾಗುತ್ತದೆ ನೋಡಿ. ವಸೂಲಿ ಹಣಕ್ಕೂ ಬಿಲ್ಲಿಗೂ ಹೊಂದುವುದಿಲ್ಲ. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಕೈಯಲ್ಲಿ ಎಲ್ಲಿದೆ? ಅದು ಅಪ್ಪನ ಕಚೇರಿಯ ತಾಪತ್ರಯ ಅಂತ ಯಾರೂ ಬಿಟ್ಟು ಮಲಗುವುದಿಲ್ಲ. ಅಪ್ಪನ ಲೆಕ್ಕ ಇಡೀ ಮನೆಯ ಲೆಕ್ಕವಾಗುತ್ತದೆ.

ನನಗೆ ಇದು ಪುಸ್ತಕದಲ್ಲೇ ಬೆಚ್ಚಗಿನ ಜಾಗ. ಓದುವಾಗ ನಮ್ಮ ಮನೆಯ ಗೋಡೆ ನೆನಪಾಯಿತು. ಅಡಿಗೆಮನೆ ಬಾಗಿಲ ಪಕ್ಕ ಕ್ಯಾಲೆಂಡರ್. ಅದರಲ್ಲಿ ದಿನಾ ಹಾಲಿನ ಲೆಕ್ಕ. ಹಾಲು ಬಾರದ ದಿನಕ್ಕೆ ಸೊನ್ನೆ, ಜಾಸ್ತಿ ಹಾಕಿಸಿಕೊಂಡ ದಿನಕ್ಕೆ ಒಂದು ಗೀಟು. ತಿಂಗಳ ಕೊನೆಗೆ ಅಮ್ಮ ಸೊನ್ನೆ ಎಣಿಸುತ್ತಿದ್ದಳು. ನಾವು ಮಕ್ಕಳೂ ಎಣಿಸುತ್ತಿದ್ದೆವು. ಒಂದು ಸೊನ್ನೆ ಜಾಸ್ತಿ ಸಿಕ್ಕರೆ ಲಾಟರಿ ಹೊಡೆದ ಖುಷಿ. ಬಡತನ ಅಂದರೆ ಬರೀ ಇಲ್ಲ ಅನ್ನುವುದಲ್ಲ. ಇರುವುದನ್ನು ಎಲ್ಲರೂ ಸೇರಿ ಎಣಿಸುವುದು.

ಕಾದಂಬರಿಯ ಮನೆಗೆ ಗ್ಯಾಸ್ ಒಲೆ ಬಂದದ್ದೂ ಹಾಗೇ. ಈಗಿನವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಆಗೆಲ್ಲ ಗ್ಯಾಸ್ ಕನೆಕ್ಷನ್ನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಲಿಂಡರ್ ಮನೆಗೆ ಬಂದ ದಿನ ಹಬ್ಬ. ಅಂಥ ಮನೆಯಲ್ಲಿ ಒಂದು ವಸ್ತು ಬಂದರೆ ಅದು ಒಬ್ಬರಿಗೆ ಬಂದದ್ದಲ್ಲ, ಎಲ್ಲರಿಗೂ ಬಂದದ್ದು.

ಈಗ ಒಂದು ವಿಷಯ ಗಮನಿಸಿ. ಈ ಬೆಚ್ಚಗಿನ ಪುಟಗಳು ಪುಸ್ತಕದ ಶುರುವಿನಲ್ಲಿಲ್ಲ. ಶುರುವಿನಲ್ಲಿ ಇರುವುದು ಕಾಫಿ ಹೌಸ್. ಹಣ ಬಂದಾಗಿದೆ, ನಿರೂಪಕ ಮನೆಯಲ್ಲಿ ಇರಲಾಗದೆ ಅಲ್ಲಿ ಬಂದು ಕೂತಿದ್ದಾನೆ. ವಿನ್ಸೆಂಟ್ ಎಂಬ ವೇಟರ್ ಇದ್ದಾನೆ. ಅವನು ಆಡುವ ಒಂದೆರಡು ಮಾತಿಗೆ ಇವನು ದೇವವಾಣಿಯ ತೂಕ ಕೊಡುತ್ತಾನೆ. ಬಡತನದ ದಿನಗಳು ಆಮೇಲೆ, ನೆನಪಾಗಿ ಬರುತ್ತವೆ. ಅಂದರೆ ನಾವು ಕಷ್ಟವನ್ನು ನೇರವಾಗಿ ನೋಡುತ್ತಿಲ್ಲ. ಸುಖದಲ್ಲಿ ಕೂತು ಚಡಪಡಿಸುತ್ತಿರುವವನೊಬ್ಬ ನೆನೆಸಿಕೊಳ್ಳುವ ಕಷ್ಟವನ್ನು ನೋಡುತ್ತಿದ್ದೇವೆ. ಅವನಿಗೆ ಅದು ಚೆಂದ ಕಾಣಿಸಲೇಬೇಕು. ಚೆಂದ ಕಾಣಿಸದಿದ್ದರೆ ಈಗಿನ ಮನೆಯನ್ನು ಅವನು ಸಹಿಸಿಕೊಳ್ಳುವುದು ಹೇಗೆ? ‘ನಾವು ಒಳ್ಳೆಯವರಾಗಿದ್ದೆವು, ಹಣ ನಮ್ಮನ್ನು ಹೀಗೆ ಮಾಡಿತು’ ಅಂತ ಅವನು ಹೇಳಿಕೊಳ್ಳಬೇಕಾಗಿದೆ. ನೀವು ಅದನ್ನು ನಂಬಬೇಕಾಗಿಲ್ಲ. ನಿಮ್ಮ ಪ್ರಬಂಧದಲ್ಲಿ ಇದೊಂದು ಬಂದರೆ ಸಾಕು, ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ.

ಯಾಕೆ ನಂಬಬೇಕಾಗಿಲ್ಲ? ಇರುವೆಗಳನ್ನು ನೋಡಿ.

ಅದೇ ಹಳೆಯ ಮನೆಯಲ್ಲಿ ಇರುವೆ ಕಾಟ. ಎಲ್ಲಿ ಕೈಯಿಟ್ಟರೂ ಇರುವೆ. ತಿಂಡಿ ಡಬ್ಬಿ ಕಾಯುವುದೇ ಒಂದು ಕೆಲಸ. ಮೊದಮೊದಲು ಮನೆಯವರು ಅವುಗಳಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆಮೇಲೆ ಕೊಲ್ಲಲು ಶುರು. ಆಮೇಲೆ ಕೊಲ್ಲುವುದೇ ಅಭ್ಯಾಸ. ಕೊಲ್ಲುವಾಗ ಏನೂ ಅನ್ನಿಸದಿರುವುದು ಅದಕ್ಕಿಂತ ದೊಡ್ಡ ಅಭ್ಯಾಸ. ಇದನ್ನು ಶಾನಭಾಗರು ಎಷ್ಟು ಸಲೀಸಾಗಿ ಹೇಳುತ್ತಾರೆ ಅಂದರೆ ಮೊದಲ ಓದಿಗೆ ನಗು ಬರುತ್ತದೆ. ಎಲ್ಲರ ಮನೆಯಲ್ಲೂ ಇರುವೆ ಇದ್ದದ್ದೇ ಅಲ್ವಾ ಅಂತ ಮುಂದೆ ಹೋಗುತ್ತೇವೆ. ಎರಡನೇ ಓದಿಗೆ ಅದೇ ಪುಟದಲ್ಲಿ ಕೈ ನಿಲ್ಲುತ್ತದೆ. ಹಣ ಬರುವ ಎಷ್ಟೋ ಮೊದಲೇ, ಆ ಒಗ್ಗಟ್ಟಿನ ಮನೆಯಲ್ಲೇ, ಹೊರಗಿನಿಂದ ಒಳಗೆ ಬಂದದ್ದನ್ನು ಏನು ಮಾಡಬೇಕು ಅಂತ ಇವರು ಕಲಿತಾಗಿದೆ.

ಎಲ್ಲರೂ ಸೇರಿ ಲೆಕ್ಕ ಹಾಕುವ ಮನೆ, ಎಲ್ಲರೂ ಸೇರಿ ಇರುವೆ ಹೊಸಕುವ ಮನೆ. ಎರಡೂ ಒಂದೇ ಮನೆ. ಕಷ್ಟ ಕಲಿಸಿದ್ದು ‘ನಾವು’ ಎಂಬ ಮಾತನ್ನು. ಆ ಮಾತಿನ ಸುತ್ತ ಒಂದು ಬೇಲಿಯೂ ಇದೆ ಅನ್ನುವುದು ಆಗ ಗೊತ್ತಾಗಲಿಲ್ಲ, ಯಾಕೆಂದರೆ ಆಗ ಬೇಲಿ ದಾಟಿ ಬರುವವರು ಯಾರೂ ಇರಲಿಲ್ಲ. ಇರುವೆ ಬಿಟ್ಟರೆ.

ನನ್ನ ಸೋದರತ್ತೆಯೊಬ್ಬಳಿದ್ದಳು. ಗಂಡನಿಗೆ ಗುಮಾಸ್ತನ ಕೆಲಸ, ನಾಲ್ಕು ಮಕ್ಕಳು. ಹಾಲಿನ ಪ್ಯಾಕೆಟ್ ಕತ್ತರಿಸಿ ಸುರಿದ ಮೇಲೆ ಅದರೊಳಗೆ ಒಂದು ಗುಟುಕು ನೀರು ಹಾಕಿ, ಅಲ್ಲಾಡಿಸಿ, ಅದನ್ನೂ ಪಾತ್ರೆಗೆ ಸುರಿಯುತ್ತಿದ್ದಳು. ಆ ಒಂದು ಗುಟುಕಿನಲ್ಲೇ ಮಕ್ಕಳನ್ನು ಓದಿಸಿದಳು ಅಂತ ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಮಗ ದೊಡ್ಡ ಕೆಲಸ ಹಿಡಿದ. ಮೂರು ಬೆಡ್‌ರೂಮಿನ ಮನೆ ಕಟ್ಟಿಸಿದ. ಅತ್ತೆ ಪ್ಯಾಕೆಟ್ ತೊಳೆಯುವುದನ್ನು ಬಿಡಲಿಲ್ಲ. ಅದೂ ಸರಿಯೇ, ಯಾರಿಗೇನು ತೊಂದರೆ? ಆದರೆ ಸೊಸೆ ಬಂದಳು. ಸೊಸೆ ಪ್ಯಾಕೆಟ್ ತೊಳೆಯದೆ ಬಿಸಾಡಿದಳು. ಮೊದಲ ವಾರದಲ್ಲೇ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಕಸದ ಬುಟ್ಟಿಯಿಂದ ಪ್ಯಾಕೆಟ್ ತೆಗೆದು, ತೊಳೆದು, ಸೊಸೆಗೆ ಕಾಣುವ ಹಾಗೆ ಕಿಟಕಿಯ ಸರಳಿಗೆ ಒಣಗಲು ಹಾಕಿದಳು. ಮುಂದೆ ಆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಲು ಇದು ಜಾಗವಲ್ಲ. ಸೊಸೆ ಆ ಪ್ಯಾಕೆಟ್ಟಿನ ಪರೀಕ್ಷೆಯಲ್ಲಿ ಕೊನೆಗೂ ಪಾಸಾಗಲಿಲ್ಲ ಅನ್ನುವುದಷ್ಟೇ ನನಗೆ ಗೊತ್ತು.

‘ಘಾಚರ್ ಘೋಚರ್’ನ ಅಮ್ಮನನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯವಾದದ್ದು ವಿಮರ್ಶೆಯ ಪುಸ್ತಕಗಳಲ್ಲ, ಕಿಟಕಿಗೆ ಸಿಕ್ಕಿಸಿದ ಆ ಪ್ಯಾಕೆಟ್ಟು.

ಅಮ್ಮ ಕೆಟ್ಟವಳು ಅಂತ ಬರೆದುಬಿಡಬೇಡಿ. ಅದು ತೀರಾ ಸುಲಭ. ಕಷ್ಟದ ದಿನಗಳಲ್ಲಿ ಆ ಮನೆಯನ್ನು ನಡೆಸಿದವಳು ಅವಳು. ಕೊರತೆ ಇದ್ದಾಗ ಯಾರಿಗೆ ಎಷ್ಟು ಬಡಿಸಬೇಕು ಅಂತ ತೀರ್ಮಾನಿಸುವವಳೇ ಮನೆಯ ಯಜಮಾನಿ. ಹಣ ಬಂತು, ಕೊರತೆ ಹೋಯಿತು. ಅವಳ ಅಧಿಕಾರದ ಬುಡವೂ ಅಲ್ಲಾಡಿತು. ಇನ್ನು ಉಳಿದದ್ದು ಅಡಿಗೆಮನೆ ಒಂದೇ. ಅದನ್ನು ಅವಳು ಬಿಟ್ಟುಕೊಡುವವಳಲ್ಲ. ಅಲ್ಲಿಗೆ ಇನ್ನೊಬ್ಬ ಹೆಣ್ಣು ಕಾಲಿಟ್ಟಾಗ ಜಗಳ ಆಗುವುದು ಸಾರಿನ ಉಪ್ಪಿಗಾಗಿ ಅಲ್ಲ.

ಅಪ್ಪನದು ಬೇರೆ ಕಥೆ. ನನ್ನ ಕಣ್ಣಲ್ಲಿ ಈ ಪುಸ್ತಕದ ತುಂಬಾ ಸೂಕ್ಷ್ಮವಾದ ಪಾತ್ರ ಅದು. ಆತ ಲೆಕ್ಕದ ಮನುಷ್ಯ. ಪೈಸೆಗೆ ಪೈಸೆ ತಾಳೆಯಾಗಬೇಕು. ಕಷ್ಟದಲ್ಲಿ ಅದು ದೊಡ್ಡ ಗುಣ, ಇಡೀ ಮನೆಯ ಮರ್ಯಾದೆ ನಿಂತಿದ್ದದ್ದು ಅದರ ಮೇಲೆ. ಹಣ ಬಂದ ಮೇಲೆ ಲೆಕ್ಕ ಯಾರಿಗೆ ಬೇಕು? ಎಲ್ಲಿಂದ ಬಂತು, ಹೇಗೆ ಬಂತು ಅಂತ ಕೇಳುವವನೇ ಮನೆಗೆ ತೊಡಕು. ಅಪ್ಪ ಮೂಲೆಗೆ ಸರಿಯುತ್ತಾನೆ. ಹಾಗಂತ ಅವನನ್ನು ಯಾರೂ ಕಡೆಗಣಿಸುವುದಿಲ್ಲ, ಚೆನ್ನಾಗೇ ನೋಡಿಕೊಳ್ಳುತ್ತಾರೆ. ಕಾರಣ, ವ್ಯಾಪಾರದಲ್ಲಿ ಅವನ ಪಾಲಿದೆ. ಆ ಪಾಲನ್ನು ಎಲ್ಲಿ ಯಾರಿಗೆ ಕೊಟ್ಟುಬಿಡುತ್ತಾನೋ ಅಂತ ಒಳಗೊಳಗೇ ಭಯ. ಒಂದು ಕಾಲಕ್ಕೆ ಅವನ ಲೆಕ್ಕದ ಸುತ್ತ ಎಲ್ಲರೂ ಕಾಳಜಿಯಿಂದ ಕೂತಿದ್ದರು. ಈಗ ಅವನನ್ನೇ ಒಂದು ಲೆಕ್ಕವಾಗಿ ನೋಡುತ್ತಿದ್ದಾರೆ. ಆದರೂ ಅವನು ಬದಲಾಗುವುದಿಲ್ಲ. ಕಷ್ಟ ಅವನಿಗೆ ಕಲಿಸಿದ್ದು ಅವನ ಜೊತೆಗೇ ಉಳಿದಿದೆ. ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ ಅಷ್ಟೆ. ನಿಮಗೆ ‘ಕಷ್ಟದಿಂದ ಗಟ್ಟಿಯಾದ ಪಾತ್ರ’ ಒಂದು ಬೇಕೇ ಬೇಕು ಅಂದರೆ ಅಪ್ಪನನ್ನು ತೆಗೆದುಕೊಳ್ಳಿ. ಗಟ್ಟಿಯಾದವನಿಗೆ ಸಿಕ್ಕಿದ ಬೆಲೆ ಏನು ಅನ್ನುವುದನ್ನೂ ಜೊತೆಗೇ ಬರೆಯಿರಿ.

ಚಿಕ್ಕಪ್ಪನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುಡಿಯುವವನು ಅವನು, ಆದ್ದರಿಂದ ಮನೆ ಅವನ ಸುತ್ತ ತಿರುಗುತ್ತದೆ. ಅವನಿಗೆ ಯಾವ ತಿಂಡಿ, ಅವನ ನಿದ್ದೆ ಎಷ್ಟು ಹೊತ್ತಿಗೆ, ಅವನ ಮುಖ ಯಾಕೆ ಸಪ್ಪಗಿದೆ. ದುಡಿಯುವವನನ್ನು ಜೋಪಾನ ಮಾಡುವುದು ಬಡ ಮನೆಯ ಬುದ್ಧಿವಂತಿಕೆ. ಅವನು ಬಿದ್ದರೆ ಎಲ್ಲರೂ ಬಿದ್ದ ಹಾಗೆ. ಅದೇ ಬುದ್ಧಿವಂತಿಕೆ ಶ್ರೀಮಂತ ಮನೆಗೆ ಬಂದಾಗ, ದುಡಿಯುವವನು ಏನು ಮಾಡಿದರೂ ಮನೆ ಕಣ್ಣು ಮುಚ್ಚಿಕೊಳ್ಳುತ್ತದೆ.

ಆ ಮಸೂರ್ ಬೇಳೆಯ ಪ್ರಸಂಗ ಇದಕ್ಕೆ ಸಾಕ್ಷಿ. ಒಂದು ದಿನ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನನ್ನು ಕೇಳುತ್ತಾಳೆ. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಅಡಿಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಜಗಳಕ್ಕೆ ಬಂದವಳಲ್ಲ. ಯಾರೀಕೆ, ಚಿಕ್ಕಪ್ಪನಿಗೆ ಏನಾಗಬೇಕು ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಮಾಲತಿ ಬಾಗಿಲಿಗೆ ಹೋಗುತ್ತಾರೆ. ಬಾಯಿಗೆ ಬಂದ ಹಾಗೆ ಬೈದು ಓಡಿಸುತ್ತಾರೆ. ಡಬ್ಬಿ ಉರುಳಿ ಅಡಿಗೆ ನೆಲಕ್ಕೆ ಚೆಲ್ಲುತ್ತದೆ. ನಿರೂಪಕ ನೋಡುತ್ತಾ ನಿಂತಿರುತ್ತಾನೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಬಡತನ ಗೊತ್ತಿರುವ ಮನೆ ಇದು. ಅನ್ನದ ಬೆಲೆ ಗೊತ್ತಿರುವ ಹೆಂಗಸರು. ‘ಕಷ್ಟ ಕಂಡವರಿಗೆ ಕಷ್ಟ ಅರ್ಥವಾಗುತ್ತದೆ’ ಎಂಬ ಮಾತು ನಿಜವಾಗಿದ್ದರೆ, ಆ ಡಬ್ಬಿ ಹಿಡಿದು ನಿಂತವಳ ಕಷ್ಟ ಇವರಿಗೆ ಮೊದಲು ಅರ್ಥವಾಗಬೇಕಿತ್ತು. ಇವರಿಗೆ ಅರ್ಥವಾಗಲಿಲ್ಲ ಅಂತಲೂ ನಾನು ಹೇಳುವುದಿಲ್ಲ. ಚೆನ್ನಾಗಿ ಅರ್ಥವಾಯಿತು. ಅದಕ್ಕೇ ಅಷ್ಟು ಕ್ರೂರವಾಗಿ ಓಡಿಸಿದರು. ಬಾಗಿಲಲ್ಲಿ ನಿಂತದ್ದು ಪಾಲು ಕೇಳಬಹುದಾದ ಇನ್ನೊಂದು ಬಾಯಿ. ಹಳೆಯ ಮನೆಯಲ್ಲಿ ತಿಂಡಿ ಡಬ್ಬಿಗೆ ಹತ್ತಿದ ಇರುವೆ ಸಾಲನ್ನು ನೋಡಿದ ಕಣ್ಣುಗಳೇ ಈಗ ಅವಳನ್ನು ನೋಡಿದವು.

ಆ ಮನೆಯಲ್ಲಿ ಇದನ್ನು ನೋಡಿ ತಲ್ಲಣಿಸಿದವಳು ಒಬ್ಬಳೇ. ಅನಿತಾ. ಸುಮ್ಮನಿರಲು ಅವಳಿಗೆ ಆಗುವುದಿಲ್ಲ. ಅವಳೂ ಶ್ರೀಮಂತರ ಮಗಳಲ್ಲ, ಸಂಬಳದಲ್ಲಿ ಬದುಕಿದ ಮನೆಯಿಂದ ಬಂದವಳು. ಅಂದರೆ ಇವಳಿಗೂ ಕಡಿಮೆ ದುಡ್ಡಿನಲ್ಲಿ ಬದುಕುವುದು ಗೊತ್ತು. ಆದರೆ ಅದರಿಂದ ಅವಳು ಕಲಿತದ್ದು ಬೇರೆ. ದುಡಿದು ತಂದದ್ದಕ್ಕೆ ಮಾತ್ರ ಬೆಲೆ. ಗಂಡ ಹೆಸರಿಗೆ ಸೋನಾ ಮಸಾಲಾದ ಡೈರೆಕ್ಟರ್, ತಿಂಗಳಾದರೆ ಖಾತೆಗೆ ಹಣ ಬರುತ್ತದೆ, ಆದರೆ ಕೆಲಸ ಅಂತ ಏನೂ ಮಾಡುವುದಿಲ್ಲ ಅಂತ ಗೊತ್ತಾದಾಗ ಅವಳಿಗೆ ಆದದ್ದು ಬರೀ ಸಿಟ್ಟಲ್ಲ, ನಾಚಿಕೆ. ಈ ನಾಚಿಕೆಯನ್ನು ಹಿಡಿದುಕೊಳ್ಳಿ. ನಿರೂಪಕನಿಗೆ ಆಗಬೇಕಾಗಿದ್ದ ನಾಚಿಕೆ ಅದು. ಅವಳಿಗೆ ಆಯಿತು.

ಅಲ್ಲಿಗೆ ನಿಮ್ಮ ಪ್ರಬಂಧಕ್ಕೆ ಒಂದು ಒಳ್ಳೆಯ ಜೋಡಿ ಸಿಕ್ಕಿತು. ಹೆಚ್ಚುಕಡಿಮೆ ಒಂದೇ ಥರದ ಕೆಳಮಧ್ಯಮ ವರ್ಗದ ಬದುಕು ಎರಡು ಮನೆಗಳಲ್ಲಿ. ಒಂದು ಮನೆ ಕಲಿತದ್ದು ‘ನಮ್ಮವರನ್ನು ಬಿಟ್ಟುಕೊಡಬಾರದು’. ಇನ್ನೊಂದು ಮನೆಯ ಮಗಳು ಕಲಿತದ್ದು ‘ನಮ್ಮವರಾದರೂ ತಪ್ಪು ತಪ್ಪೇ’. ಹಾಗಾದರೆ ಕಷ್ಟವೊಂದೇ ಯಾರನ್ನೂ ರೂಪಿಸುವುದಿಲ್ಲ. ಕಷ್ಟದಲ್ಲಿ ಆ ಮನೆ ತನಗೆ ತಾನೇ ಏನು ಹೇಳಿಕೊಂಡಿತು ಅನ್ನುವುದು ರೂಪಿಸುತ್ತದೆ.

ಪುಸ್ತಕದ ಹೆಸರೂ ಅನಿತಾಳಿಂದಲೇ ಬಂದದ್ದು ಅನ್ನುವುದನ್ನು ಮರೆಯಬೇಡಿ. ಯಾವ ಭಾಷೆಯಲ್ಲೂ ಇಲ್ಲದ ಶಬ್ದ ಅದು. ಅವಳ ತವರಿನಲ್ಲಿ ಮಕ್ಕಳು ಆಟದಲ್ಲಿ ಹುಟ್ಟಿಸಿದ್ದು. ಬಿಡಿಸಲಾಗದ ಹಾಗೆ ಸಿಕ್ಕುಸಿಕ್ಕಾದದ್ದಕ್ಕೆ ಆ ಮಾತು. ಮದುವೆಯಾದ ಹೊಸತರಲ್ಲಿ ಲಂಗದ ಲಾಡಿ ಕಗ್ಗಂಟಾದಾಗ ಅವಳು ಅದನ್ನು ಗಂಡನಿಗೆ ಹೇಳಿಕೊಡುತ್ತಾಳೆ. ತವರಿನ ಗುಟ್ಟಿನ ಮಾತನ್ನು ಕೊಟ್ಟಳು ಅಂದರೆ ತನ್ನ ಬೇಲಿಯೊಳಗೆ ಅವನನ್ನು ಕರೆದುಕೊಂಡಳು ಅಂತ ಅರ್ಥ. ಅವನ ಮನೆಯ ಬೇಲಿ ಮಾತ್ರ ಅವಳಿಗೆ ತೆರೆಯಲಿಲ್ಲ.

ನಿರೂಪಕನ ವಿಷಯಕ್ಕೆ ಬಂದರೆ, ಅವನು ‘ನಾನು’ ಅನ್ನುವ ಜಾಗ ಮತ್ತು ‘ನಾವು’ ಅನ್ನುವ ಜಾಗ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳುತ್ತಾ ಹೋಗಿ. ತನ್ನ ಮನಸ್ಸಿಗೆ ಹಿಡಿಸದ್ದು ಮನೆಯಲ್ಲಿ ನಡೆದಾಗ ಅವನ ‘ನಾನು’ ಎಲ್ಲಿ ಹೋಗುತ್ತದೆ ನೋಡಿ. ಎದ್ದು ಕಾಫಿ ಹೌಸಿಗೆ ಹೋಗುತ್ತದೆ! ಹಿಂದೆ ಚಿತ್ರಾ ಎಂಬ ಗೆಳತಿಯನ್ನು ಕಳೆದುಕೊಂಡದ್ದೂ ಅಲ್ಲೇ. ಅವಳು ಕಷ್ಟದಲ್ಲಿರುವ ಹೆಂಗಸರಿಗಾಗಿ ಕೆಲಸ ಮಾಡುವವಳು. ಅವಳ ಮಾತಿಗೆ ಇವನು ತನ್ನ ಮನೆಯ ಬಾಯಿಂದ ಉತ್ತರ ಕೊಡಲೂ ಆರ, ಬಿಡಲೂ ಆರ. ಒಂದು ಮನೆಯಲ್ಲಿ ಬೆಳೆದು ದೊಡ್ಡವನಾಗುವುದು ಅಂದರೆ ಯಾವತ್ತಾದರೂ ಒಂದು ದಿನ ಆ ಮನೆಗೆ ‘ಇದು ಸರಿಯಲ್ಲ’ ಅನ್ನುವುದು. ಇವನು ಕೊನೆತನಕ ಅನ್ನುವುದಿಲ್ಲ. ಆದ್ದರಿಂದ ಹೆಸರೂ ಇಲ್ಲ.

ಈಗ ಒಂದು ಎಚ್ಚರಿಕೆ. ಇಷ್ಟೆಲ್ಲ ಓದಿ ನೀವು ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ’ ಅನ್ನುವ ಗಾದೆಗೆ ಬಂದು ನಿಂತುಬಿಡಬಹುದು. ಸುಮಾರು ಜನ ಈ ಕಾದಂಬರಿಯನ್ನು ಹಾಗೇ ಓದಿದ್ದಾರೆ. ಅದು ಉಳ್ಳವರ ಗಾದೆ. ಹೊಸದಾಗಿ ದುಡ್ಡು ಕಂಡವರನ್ನು ನೋಡಿ ಹಳೇ ದುಡ್ಡಿನವರು ನಗಲು ಮಾಡಿಕೊಂಡದ್ದು. ಈ ಮನೆಯವರು ಹೊಸ ಮನೆಗೆ ಕಂಡಕಂಡ ಸಾಮಾನು ತಂದು ತುಂಬುವುದು ನಗು ತರಿಸುತ್ತದೆ, ನಿಜ. ಆದರೆ ಕಾದಂಬರಿ ಅವರ ಸೋಫಾ ನೋಡಿ ನಗುವುದಕ್ಕೆ ಹುಟ್ಟಿದ್ದಲ್ಲ. ಜೊತೆಗೆ ಇದು ಬರೀ ಒಂದು ಮನೆಯ ಕಥೆಯೂ ಅಲ್ಲ. 1991ರ ಆರ್ಥಿಕ ಸುಧಾರಣೆಗಳ ನಂತರದ ವರ್ಷಗಳಲ್ಲಿ ಬೆಂಗಳೂರಿನ ಎಷ್ಟೋ ಮನೆಗಳು ಒಂದೇ ತಲೆಮಾರಿನಲ್ಲಿ ಸೀಮೆಎಣ್ಣೆ ಸ್ಟವ್ವಿನಿಂದ ಕಾರಿಗೆ ಬಂದವು. ಬದುಕು ಅಷ್ಟು ಬೇಗ ಬದಲಾಯಿತು. ಮನಸ್ಸು ಅಷ್ಟು ಬೇಗ ಬದಲಾಗುವ ಪದಾರ್ಥವಲ್ಲ. ಪುಸ್ತಕದಲ್ಲಿ ಈ ಇಸವಿ ಹಿಡಿದು ಭಾಷಣ ಇಲ್ಲ, ನೀವೂ ಒಂದು ಪ್ಯಾರಾಕ್ಕಿಂತ ಜಾಸ್ತಿ ಬರೆಯಬೇಡಿ.

ಹೋಲಿಸಲು ಇನ್ನೊಂದು ಕೃತಿ ಬೇಕು ಅಂತ ಮೇಷ್ಟರು ಕೇಳಿದರೆ ದೇವನೂರ ಮಹಾದೇವರ ‘ಒಡಲಾಳ’ ತೆಗೆದುಕೊಳ್ಳಿ. ಅದು ಸ್ವಲ್ಪ ಹಳೆಯದು, ನಿಮ್ಮ ಪಟ್ಟಿಗೆ ಬರಲಿಕ್ಕಿಲ್ಲ, ಆದರೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅಲ್ಲಿಯೂ ಒಂದು ಬಡ ಮನೆ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಹುಡುಕುತ್ತಿದ್ದಾಳೆ. ಒಂದು ರಾತ್ರಿ ಮನೆಗೆ ಕಡಲೆಕಾಯಿ ಮೂಟೆ ಬರುತ್ತದೆ, ಕದ್ದದ್ದು. ಇಡೀ ಮನೆ ಒಲೆಯ ಸುತ್ತ ಕೂತು ರಾತ್ರಿಯೆಲ್ಲ ಅದನ್ನು ತಿಂದು ಮುಗಿಸುತ್ತದೆ. ದೊಡ್ಡವರು, ಮಕ್ಕಳು, ಎಲ್ಲರೂ. ಜಗಳ ಆಡಿದವರೂ ಕೂತು ತಿನ್ನುತ್ತಾರೆ. ಓದುವಾಗ ಆ ಸುಟ್ಟ ಕಡಲೆಕಾಯಿಯ ವಾಸನೆ ಮೂಗಿಗೆ ಬರುತ್ತದೆ.

ಎರಡು ಮನೆ, ಎರಡು ರಾತ್ರಿ. ಒಂದು ಕಡೆ ಲೆಕ್ಕ ತಾಳೆ ಮಾಡಲು ಸುತ್ತ ಕೂತವರು, ಇನ್ನೊಂದು ಕಡೆ ಲೆಕ್ಕವೇ ಇಲ್ಲದೆ ತಿಂದು ಮುಗಿಸಲು ಸುತ್ತ ಕೂತವರು. ಸಾಕವ್ವನ ಮನೆಯ ಕಷ್ಟ ಇಂದು ನಾಳೆ ಮುಗಿಯುವುದಲ್ಲ. ಅದಕ್ಕೆ ಜಾತಿಯ ಬೇರಿದೆ, ಬೆಳಗಾದರೆ ಪೊಲೀಸರಿದ್ದಾರೆ. ಆ ಮನೆಗೆ ಕಾಪಾಡಿಕೊಳ್ಳಲು ಏನೂ ಇಲ್ಲ, ಹಾಗಾಗಿ ಹಂಚಿಕೊಳ್ಳುತ್ತದೆ. ಸೋನಾ ಮಸಾಲಾದ ಮನೆಗೆ ಬಡತನದಲ್ಲೂ ಕಾಪಾಡಿಕೊಳ್ಳಲು ಒಂದಿತ್ತು. ಮರ್ಯಾದೆ. ಕೆಳಮಧ್ಯಮ ವರ್ಗದ ಕಷ್ಟ ಹಸಿವಿಗಿಂತ ಹೆಚ್ಚಾಗಿ ಈ ಮರ್ಯಾದೆಯ ಕಷ್ಟ. ಆದ್ದರಿಂದ ‘ಕಷ್ಟ’ ಅಂತ ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಿಹಾಕಬೇಡಿ. ಯಾರ ಕಷ್ಟ, ಎಂಥ ಕಷ್ಟ ಅಂತ ಬಿಡಿಸಿ ಹೇಳದ ಪ್ರಬಂಧ ಯಾವ ಕಾದಂಬರಿಗೆ ಬೇಕಾದರೂ ಹೊಂದುತ್ತದೆ. ಅಂದರೆ ಯಾವುದಕ್ಕೂ ಹೊಂದುವುದಿಲ್ಲ.

ಬರೆಯುವ ಕ್ರಮದ ಬಗ್ಗೆ ಒಂದೆರಡು ಸಲಹೆ ಕೊಟ್ಟು ಬಿಡುತ್ತೇನೆ. ಪಾತ್ರಕ್ಕೊಂದು ಪ್ಯಾರಾ ಅಂತ ಹಂಚಿಕೊಂಡು ಬರೆಯಬೇಡಿ, ಅದು ಮನೆಯ ರೇಷನ್ ಕಾರ್ಡಿನ ಹಾಗಿರುತ್ತದೆ. ಮೂರು ಸನ್ನಿವೇಶ ತೆಗೆದುಕೊಳ್ಳಿ. ಇರುವೆ, ಲೆಕ್ಕ ತಾಳೆಯಾಗದ ರಾತ್ರಿ, ಮಸೂರ್ ಬೇಳೆಯ ಡಬ್ಬಿ. ಮೂರರಲ್ಲೂ ಯಾರು ಎಲ್ಲಿ ನಿಂತಿದ್ದಾರೆ, ಯಾರು ಮಾತಾಡುತ್ತಾರೆ, ಯಾರು ಬಾಯಿ ಮುಚ್ಚಿಕೊಂಡಿದ್ದಾರೆ ಅಂತ ನೋಡಿ. ಮಾಲತಿಯನ್ನು ಬಿಡಬೇಡಿ. ಗಂಡನ ಮನೆ ಬಿಟ್ಟು ಬಂದವಳು, ಒಡವೆ ವಾಪಸು ತರಲು ಜನ ಕಟ್ಟಿಕೊಂಡು ಹೋದವಳು. ಬಾಗಿಲಲ್ಲಿ ನಿಂತ ಆ ಹೆಂಗಸಿನ ಕಷ್ಟ ಮನೆಯಲ್ಲಿ ಬೇರೆ ಯಾರಿಗಿಂತ ಅವಳಿಗೆ ಹತ್ತಿರದ್ದು. ಅವಳೇ ಮುಂದೆ ನಿಂತು ಓಡಿಸುತ್ತಾಳೆ. ಅದರ ಮೇಲೆ ಎರಡು ಪುಟ ಬರೆಯಬಹುದು. ನಾನು ಬರೆದುಕೊಡುವುದಿಲ್ಲ.

ಶೀರ್ಷಿಕೆಯ ಪ್ರಶ್ನೆಯನ್ನು ಬದಲಿಸಬಹುದಾ ಅಂತ ಮೇಷ್ಟರನ್ನು ಕೇಳಿ ನೋಡಿ. ‘ಹೇಗೆ ಬೆಳೆಸುತ್ತವೆ’ ಬದಲು ‘ಏನು ಕಲಿಸಿ ಹೋಗುತ್ತವೆ’ ಅಂತ. ಒಪ್ಪದಿದ್ದರೆ ಅದೇ ಶೀರ್ಷಿಕೆ ಇಟ್ಟುಕೊಂಡು, ಮೊದಲ ವಾಕ್ಯದಲ್ಲೇ ಅದರ ಜೊತೆ ಜಗಳ ತೆಗೆಯಿರಿ. ಜಗಳ ತೆಗೆಯಲು ಬೇಕಾದದ್ದು ನಿಮ್ಮ ಕೈಯಲ್ಲೇ ಇದೆ. ಆ ಇರುವೆಗಳ ಪುಟ ತೆಗೆದು, ಇವತ್ತು ರಾತ್ರಿ ಇನ್ನೊಂದು ಸಲ ಗಟ್ಟಿಯಾಗಿ ಓದಿ. ಓದುತ್ತಾ ಓದುತ್ತಾ ನಗು ಎಲ್ಲಿ ನಿಂತಿತೋ ಆ ಸಾಲಿನಿಂದ ಬರೆಯಲು ಶುರುಮಾಡಿ.